ಜೀಪು ಮಾರುವಗ ಬಾಯಿ ಮುಚ್ಚಿ ಕೂಪಲಾಗ

ಒಂದು ಜೀಪಿನ ಲೆಕ್ಕಲ್ಲಿ ಎನ್ನ ಮಗ° ಎನ್ನತ್ರೆ ಎಂಟು ದಿನ ಮಾತಾಡಿದ್ದನಿಲ್ಲೆ. ಬೆಂಗ್ಳೂರಿಂದ ಫೋನು ಮಾಡುಗು, ಅಪ್ಪನತ್ರೆ ಮಾತಾಡುಗು, ಮಡುಗುಗು. ಆನು ಮಾಡಿದ ತಪ್ಪು ಎಂತ ಹೇಳಿರೆ, ಜೀಪು ತೆಕ್ಕೊಂಬಲೆ ಬಂದವರತ್ರೆ ಇದ್ದದರ ಇದ್ದ ಹಾಂಗೆ ಹೇಳಿದ್ದು. "ಅಬ್ಬೆ, ನಿನ್ನ ಒಂದು ಮಾತಿಂದಾಗಿ ಎನಗೆ ಒಂದೂವರೆ ಲಕ್ಷ ಹೋತು" ಹೇಳಿ ಅವನ ದೂರು. ಹೋದ್ದಪ್ಪು. ಆದರೆ ಆ ಒಂದೂವರೆ ಲಕ್ಷ ಅವಂದು ಆಗಿತ್ತೇ ಇಲ್ಲೆ ಹೇಳಿ ಎನ್ನ ವಾದ. ಮನೆಲಿ ಈ ವಾದಕ್ಕೆ ಎನ್ನ ಹೊಡೆಂಗೆ ಆರೂ ಇಲ್ಲೆ. ಹಾಂಗಾಗಿ ಇಲ್ಲಿ ಬರೆತ್ತಾ ಇದ್ದೆ, ನಿಂಗಳೇ ತೀರ್ಮಾನ ಮಾಡಿ.

ಎಂಗಳ ಪುತ್ತೂರು, ಸುಳ್ಯ ಹೊಡೆಲಿ ಜೀಪು ಹೊಸತ್ತಲ್ಲ. ಮಹೀಂದ್ರದವು 1947ರಲ್ಲೇ ವಿಲ್ಲೀಸ್ ಜೀಪು ಜೋಡ್ಸಲೆ ಸುರು ಮಾಡಿದ್ದವು. ಎನ್ನ ಅಪ್ಪನ ಮನೆಲಿ ಗೊಬ್ಬರ ಹೊತ್ತದು, ಅಡಕ್ಕೆ ಗೋಣಿ ಹೊತ್ತದು, ಎನ್ನ ಮದುವೆ ದಿಬ್ಬಣಕ್ಕೆ ಹೋದ್ದು, ಎಲ್ಲದಕ್ಕೂ ಒಂದೇ ಜೀಪು. ಅದಕ್ಕೆ ಟಾರ್ಪಾಲು ಒಂದು ಬಿಟ್ರೆ ಬೇರೆಂತದೂ ಕೂಡ್ಸಿದ್ದವಿಲ್ಲೆ.

ಮಗನ ಥಾರ್ ಹಾಂಗಲ್ಲ. ಲಡಾಖಿಂಗೆ ಹೋಯೆಕ್ಕು ಹೇಳಿ ಎರಡು ವರ್ಷ ಕೂದು ಕಟ್ಟಿಸಿದ ಗಾಡಿ ಅದು. ಸ್ಪ್ರಿಂಗು ಬದಲ್ಸಿ ಎರಡು ಇಂಚು ನೆಗ್ಗಿಸಿದ°. 29 ಇಂಚಿನ ಚಕ್ರ ತೆಗದು 32 ಇಂಚಿಂದು ಹಾಕಿಸಿದ°. ಎದುರಂಗೆ ಕಬ್ಬಿಣದ ಬಂಪರು, ಕೆಸರಿಲ್ಲಿ ಹೂತರೆ ಎಳವಲೆ ವಿಂಚು, ಕರೆಲಿ ಆನೆ ಸೊಂಡಿಲಿನ ಹಾಂಗೆ ಮೇಗೆ ಹೋಪ ಸ್ನಾರ್ಕೆಲು, ಎರಡ್ನೇ ಬ್ಯಾಟರಿ, ನೀರಿನ ಟ್ಯಾಂಕಿ. ಬಟ್ಟೆ ಮಾಡು ತೆಗದು ಗಟ್ಟಿ ಮಾಡು ಕೂರ್ಸಿ, ಅದರ ಮೇಗೆ ಮಡುಸುವ ಡೇರೆ. ಹಿಂದಾಣ ಬಾಗಿಲು ತೆಗದರೆ ಎಳವ ಕಪಾಟು, ಅದರ್ಲಿ ಗ್ಯಾಸಿನ ಒಲೆ. ಸತ್ಯ ಹೇಳ್ತೆ, ಆ ಕಪಾಟಿನ ನೋಡಿ ಎನಗೂ ಕೊಶಿ ಆಗಿತ್ತು. ಎನ್ನ ಅಡಿಗೆಕೋಣೆಲಿ ಅಷ್ಟು ಒಪ್ಪಕ್ಕೆ ಸಾಮಾನು ಮಡುಗಲೆ ಎನಗೆ ಇಂದಿಂಗೂ ಎಡಿಗಾಯಿದಿಲ್ಲೆ.

ಹೋದ°, ಬಂದ°. ಖರ್ದುಂಗ್ ಲಾಲ್ಲಿ ತೆಗದ ಫೊಟೊ ಎಂಗಳ ಚಾವಡಿಲಿ ಇದ್ದು. ಅಲ್ಲಿಯಾಣ ಬೋರ್ಡಿಲ್ಲಿ 18,380 ಅಡಿ ಹೇಳಿ ಬರದ್ದು. ಜಿಪಿಎಸ್ಸಿಲ್ಲಿ ಅಳದರೆ ಅದು 17,582 ಅಡಿಯೇ ಹೇಳಿ ಮಗನೇ ಎನಗೆ ಹೇಳಿದ್ದು. ಬಪ್ಪಗ ಮಾಂತ್ರ ಗಾಡಿಗೆ ಪೆಟ್ಟಾತು. ಅಲ್ಲಿ ಹಿಮ ಕರಗಿ ಮಧ್ಯಾಹ್ನ ಮೇಲೆ ತೋಡಿಲ್ಲಿ ನೀರು ಏರ್ತಡ. ಹಾಂಗಿಪ್ಪ ಒಂದು ತೋಡು ಹೊತ್ತೋಪಗ ದಾಂಟುವಗ ನಡುಗೆ ನಿಂದತ್ತು. ಸ್ನಾರ್ಕೆಲು ಇಂಜಿನಿಂಗೆ ಗಾಳಿ ಕೊಡ್ತು, ಬಾಕಿದ್ದದಕ್ಕೆ ಅದು ಎಂತ ಮಾಡುಗು? ಊರಿಂಗೆ ಬಂದು ಹಿಂದಾಣ ಏಕ್ಸಿಲಿನ ಎಣ್ಣೆ ತೆಗದಪ್ಪಗ ಹಾಲು ಹಾಕಿದ ಚಾಯದ ಹಾಂಗೆ ಇತ್ತು. ಅದರೊಟ್ಟಿಂಗೆ ಚಾಸಿಲಿ ಒಂದು ಬಿರುಕು. ವೆಲ್ಡು ಮಾಡ್ಸಿ ಕಪ್ಪು ಪೈಂಟು ಬಳುದವು.

ಕಳುದ ವರ್ಷ ಪುಳ್ಳಿ ಹುಟ್ಟಿದ°. ಗಾಡಿ ಮಾರುವ° ಹೇಳಿ ಆತು. ಆರ್‌ಸಿ ಎನ್ನ ಹೆಸರಿಲ್ಲಿ, ಎಂತಕೆ ಹೇಳಿರೆ ತೆಕ್ಕೊಂಬಗ ಅರ್ಧ ಪೈಸೆ ಎನ್ನ ಗೆಣಮೆಣಸಿಂದು. ಬ್ರೋಕರು ಒಬ್ಬ° ಬಂದು ಎಲ್ಲ ಏರ್ಪಾಡು ಹೇಳಿಕೊಟ್ಟ°: ಅಡಿಯಂಗೆ ಇನ್ನೊಂದರಿ ಪೈಂಟು ಬಳಿಯೆಕ್ಕು, ಬಿರುಕಿನ ಸುದ್ದಿ ತೆಗವಲಾಗ, ನೀರಿನ ಸುದ್ದಿ ಮದಲೇ ಬೇಡ. "ಅಮ್ಮಾ, 29, 30ನೇ ಫಾರಮಿಗೆ ನೀವು ಸೈನು ಮಾತ್ರ ಹಾಕಿ, ಹೆಸರು, ತಾರೀಕು ಮತ್ತೆ ನಾವು ಬರೆಯುವ" ಹೇಳಿದ°.

ಆ ಆಯಿತ್ಯವಾರ ಸುಳ್ಯ ಹೊಡೆಂದ ಒಬ್ಬ ಜವ್ವನಿಗ° ಅಬ್ಬೆಯೊಟ್ಟಿಂಗೆ ಬಂದ°. ಅವ° ಜಾಲಿಲ್ಲಿ ಡೇರೆ ಬಿಡುಸಿ ಹತ್ತಿ ಇಳುದು ಕೊಶಿಲಿ ಇತ್ತಿದ್ದ°. ಅವನ ಅಬ್ಬೆ ಮಜ್ಜಿಗೆ ಕುಡುಕ್ಕೊಂಡು ಎನ್ನತ್ರೆ ಸಣ್ಣಕ್ಕೆ ಕೇಳಿತ್ತು, "ಅಕ್ಕಾ, ನಮಗೆ ಗಾಡಿಯ ಸಂಗತಿ ಗೊತ್ತಾಗುದಿಲ್ಲ. ಇದು ನಿಮ್ಮ ಹೆಸರಿನಲ್ಲಿ ಉಂಟಂತಲ್ಲ. ನೀವೇ ಹೇಳಿ, ತೆಗೊಳ್ಳಬಹುದಾ? ನನ್ನ ಬಳೆ ಅಡವಿಟ್ಟು ಕೊಡುದು." ಆ ಮಾತು ಕೇಳಿಕ್ಕಿ ಆನು ಎಂತ ಹೇಳೆಕ್ಕಾತು? ಬಿರುಕು ಹೇಳಿದೆ, ನೀರು ಹೇಳಿದೆ, ಆರ್‌ಸಿಲಿ ಇದೆಂತದೂ ಇಲ್ಲೆ ಹೇಳಿಯೂ ಹೇಳಿದೆ. ಆಲೋಚನೆ ಮಾಡಿ ಹೇಳ್ತೆಯ° ಹೇಳಿ ಹೋದವು, ಮತ್ತೆ ಬಯಿಂದವಿಲ್ಲೆ.

ಈಗ ವಾದಕ್ಕೆ ಬಪ್ಪ°. ಮಗನ ಸುರುವಾಣ ಮಾತು: "ಅವು ಕೇಳಿದ್ದವಿಲ್ಲೆ, ಕೇಳದ್ದರ ಹೇಳೆಕ್ಕು ಹೇಳಿ ಇದ್ದೋ?" ಎನ್ನ ಮಾವ° ಹಟ್ಟಿಯ ದನ ಕೊಡುವಗ ಆನು ಹತ್ತರೆ ನಿಂದು ಕೇಳಿದ್ದೆ. ಬಳ್ಳಿ ಕೈಗೆ ಕೊಡುವ ಮದಲು ಹೇಳುಗು, "ಬಲದ ಹೊಡೆಲಿ ಕೂದರೆ ಮೆಟ್ಟುತ್ತು, ಒಂದು ಮೊಲೆ ಬತ್ತಿದ್ದು, ಕಂಜಿ ಬಿಡದ್ರೆ ಸೊರ ಬಿಡ್ತಿಲ್ಲೆ." ತೆಕ್ಕೊಂಬವು ಕೇಳಿದ್ದಕ್ಕಲ್ಲ. ಕರವಲೆ ಕೂಪದು ಆ ಮನೆಯ ಹೆಮ್ಮಕ್ಕೊ, ಪೆಟ್ಟು ತಿಂಬದು ಅವು ಹೇಳ್ತ ಗೊಂತಿದ್ದಕ್ಕೆ. ಕೇಳೆಕ್ಕಾರೆ ಎಂತ ಕೇಳೆಕ್ಕು ಹೇಳಿ ಆದರೂ ಗೊಂತಿರೆಡದೋ? ಏಕ್ಸಿಲಿನ ಎಣ್ಣೆಯ ಬಣ್ಣ ಎಂತ ಹೇಳಿ ಬಳೆ ಅಡವು ಮಡುಗುವ ಅಬ್ಬೆ ಹೇಂಗೆ ಕೇಳುಗು? ಗೊಂತಿಪ್ಪವ° ಹೇಳದ್ದೆ ಕೂದರೆ ಅದು ಲೊಟ್ಟೆಯೇ. ಬಾಯಿಲಿ ಹೇಳಿದ್ದಿಲ್ಲೆ ಹೇಳಿ ಮಾಂತ್ರ ಅದು ಸತ್ಯ ಆವುತ್ತಿಲ್ಲೆ.

ಎರಡ್ನೇದು: "ಇದರ ಮೇಗೆ ನಾಲ್ಕು ಲಕ್ಷ ಹಾಕಿದ್ದೆ, ಅದು ಬರೆಡದೋ?" ಇದಕ್ಕೆ ಉತ್ತರ ಕೊಡ್ಲೆ ಹೆಮ್ಮಕ್ಕೊಗೇ ಎಡಿಗಷ್ಟೆ. ನಾವು ಚಿನ್ನ ಮಾರ್ಲೆ ಹೋದ್ದಿದ್ದನ್ನೇ. ಮಾಡ್ಸುವಗ ಕೊಟ್ಟ ಮಜೂರಿ ವಾಪಾಸು ಬತ್ತೋ? ಕಲ್ಲಿನ ತೂಕ ಕಳೆತ್ತವು, ಅರಗಿನ ತೂಕ ಕಳೆತ್ತವು, ಒಳುದ ಚಿನ್ನಕ್ಕೆ ಆ ದಿನದ ಕ್ರಯ. ಎನ್ನ ಅವಲಕ್ಕಿ ಸರ ಎಷ್ಟು ಚೆಂದ ಇದ್ದು ಹೇಳಿ ಆಸಾರಿ ಹೆಚ್ಚು ಕೊಡ್ತನಿಲ್ಲೆ. ಮಗನ ನಾಲ್ಕು ಲಕ್ಷವೂ ಹಾಂಗೆ. ಅದರ ಅವ° ಖರ್ದುಂಗ್ ಲಾಲ್ಲಿ ಖರ್ಚು ಮಾಡಿ ಆತು, ಅನುಭವಿಸಿಯೂ ಆತು. ಡೇರೆ, ವಿಂಚು, ಕಪಾಟು ಬಿಚ್ಚಿ ಬೇರೆ ಮಾರಿರೆ ರಜ್ಜ ಸಿಕ್ಕುಗು. ಗಾಡಿಗೇ ಸೇರ್ಸಿ ಕೇಳಿರೆ, ಅವನ ತಿರುಗಾಟದ ಖರ್ಚಿನ ಸುಳ್ಯದ ಮಾಣಿ ಕೊಟ್ಟ ಹಾಂಗೆ.

ಮೂರ್ನೇದು ಮೀಟರು. ಓಡಿದ್ದು 40,000 ಕಿಲೋಮೀಟರ್ ಮಾಂತ್ರ ಹೇಳಿ ಬ್ರೋಕರು ಎಲ್ಲೋರತ್ರೂ ಹೇಳಿಂಡಿತ್ತಿದ್ದ°. ಮೀಟರು ಲೆಕ್ಕ ಮಾಡುದು ಚಕ್ರ ಎಷ್ಟು ಸುತ್ತು ತಿರುಗಿತ್ತು ಹೇಳುದರ. ಚಕ್ರ ದೊಡ್ಡ ಆದರೆ ಒಂದೊಂದು ಸುತ್ತಿಂಗೆ ಹೆಚ್ಚು ದೂರ ಹೋವುತ್ತು, ಮೀಟರಿಂಗೆ ಅದು ಗೊಂತಾವುತ್ತಿಲ್ಲೆ. ಸಣ್ಣ ಸೇರಿನ ಲೆಕ್ಕಲ್ಲಿ ದೊಡ್ಡ ಸೇರಿಲ್ಲಿ ಅಳದ ಹಾಂಗೆ. 29ರ ಜಾಗೆಲಿ 32 ಇಂಚು ಹಾಕಿರೆ ಮೀಟರಿಲ್ಲಿ 40,000 ತೋರ್ಸುವಗ ಗಾಡಿ ಓಡಿದ್ದು ಹತ್ತತ್ರೆ 44,000. 80ರ ವೇಗಲ್ಲಿ ಹೋಪದು ಹೇಳಿ ಗ್ರೇಶುವಗ ನಿಜಕ್ಕೂ 88ರಲ್ಲಿ ಹೋವುತ್ತಾ ಇರ್ತಿ. ಬೋರ್ಡಿಲ್ಲಿ 18,380 ಅಡಿ ಲೊಟ್ಟೆ ಹೇಳಿ ಕಂಡುಹಿಡುದ ಮಗಂಗೆ ಅವನದ್ದೇ ಮೀಟರಿನ ಲೊಟ್ಟೆ ಕಂಡಿದಿಲ್ಲೆ. ಆನು ಪಿಯುಸಿ ವರೆಗೆ ಕಲ್ತದು, ಎನಗೆ ಈ ಗುಣಾಕಾರ ಮಾಡ್ಲೆ ಎಡಿಗಾತು.

ನಾಲ್ಕನೇದು: "ಹಾಳು ಮಾಡಿದ್ದಲ್ಲ ಅಬ್ಬೆ, ಗಟ್ಟಿ ಮಾಡಿದ್ದು." ಅಲ್ಲಿಯಾಣ ಗುಡ್ಡೆಗೆ ಗಟ್ಟಿ ಆದಿಕ್ಕು, ಒಪ್ಪುತ್ತೆ. ಆದರೆ ತೆಕ್ಕೊಂಬವ° ದಿನಾಗ್ಲೂ ಓಡ್ಸುದು ಊರಿನ ಮಾರ್ಗಲ್ಲಿ, ಅಬ್ಬೆಯ, ಹೆಂಡತಿಮಕ್ಕಳ ಕೂರ್ಸಿಂಡು. ಗಾಡಿ ಎತ್ತರ ಆದಷ್ಟೂ, ಮಾಡಿಲ್ಲಿ ಭಾರ ಹೇರಿದಷ್ಟೂ ತಿರುವಿಲ್ಲಿ ಮೊಗಚ್ಚುವ ಹೆದರಿಕೆ ಹೆಚ್ಚು. ಭಾರದ ಚಕ್ರವ ನಿಲ್ಸಲೆ ಬ್ರೇಕಿಂಗೂ ಕಷ್ಟ. ಅದು ಅಭ್ಯಾಸ ಆಯೆಕ್ಕಾರೆ ಮದಲು ಗೊಂತಿರೆಕ್ಕು, ಗೊಂತಾಯೆಕ್ಕಾರೆ ಮಾರುವವ° ಹೇಳೆಕ್ಕು.

ಮತ್ತೆ ಕಾಯಿದೆ ಒಂದು ಇದ್ದು. ಪುತ್ತೂರಿಲ್ಲಿ ವಕೀಲ ಆಗಿಪ್ಪ ಎನ್ನ ಅಣ್ಣನ ಮಗನತ್ರೆ ಕೇಳಿ ತಿಳ್ಕೊಂಡೆ. 1988ರ ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ ಪ್ರಕಾರ, ಕಂಪೆನಿ ಕೊಟ್ಟ ವಿವರಕ್ಕೆ ಆರ್‌ಸಿಲಿಪ್ಪದು ತಾಳೆ ಆಗದ್ದ ಹಾಂಗೆ ಗಾಡಿಯ ಬದಲ್ಸಲಾಗ. 2019ರ ಜನವರಿಲಿ ಸುಪ್ರೀಂ ಕೋರ್ಟುದೆ ಇದನ್ನೇ ಹೇಳಿತ್ತು. ಅದೇ ವರ್ಷ ಆದ ತಿದ್ದುಪಡಿಲಿ, ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳ ವರೆಗೆ ಜೈಲು, ಅಲ್ಲದ್ರೆ ಎರಡೂ ಹೇಳಿ ಇದ್ದು. ಎದುರಾಣ ಕಬ್ಬಿಣದ ಬಂಪರು ಬೇಡ ಹೇಳಿ 2017ರ ಡಿಸೆಂಬರಿಲ್ಲೇ ಕೇಂದ್ರದವು ರಾಜ್ಯಂಗೊಕ್ಕೆ ಬರದ್ದವು. ಮಗ° ಕೇಳ್ತ°, "ಅಂಗಡಿಲಿ ಇದರ ಎಲ್ಲ ಬಹಿರಂಗವಾಗಿ ಮಾರ್ತವು, ಅವರ ಆರೂ ಹಿಡಿತ್ತವಿಲ್ಲೆ, ಎಂಗಳ ಮಾಂತ್ರ ಎಂತಕೆ?" ಅವನ ಪ್ರಶ್ನೆ ಸಮ ಇದ್ದು. ಗುಡ್ಡೆ ತಿರುಗುವವಕ್ಕೆ ಪರೀಕ್ಷೆ ಮಾಡಿ ಒಪ್ಪಿಗೆ ಕೊಡ್ತ ಸುಲಾಬದ ದಾರಿ ಇದ್ದರೆ ಒಳ್ಳೆದಿತ್ತು ಹೇಳಿ ಎನಗೂ ಕಾಣ್ತು. ಆದರೆ ಆ ಜಗಳ ಅವಂಗೂ ಸರ್ಕಾರಕ್ಕೂ ಇಪ್ಪದು. ಅದರ ದಂಡವ, ಇನ್ಸೂರೆನ್ಸು ಕಂಪೆನಿ ಪರಿಹಾರ ಕೊಡ್ಲೆ ತಕರಾರು ಮಾಡಿರೆ ಅದರ ನಷ್ಟವ, ಗೊಂತೇ ಇಲ್ಲದ್ದ ಮಾಣಿಯ ತಲೆಗೆ ಕಟ್ಟುದು ಏವ ನ್ಯಾಯ?

ಅಖೇರಿಗೆ ಆ ಸೈನು. ಇದರ ಹೆಮ್ಮಕ್ಕೊ ಎಲ್ಲೋರೂ ಓದೆಕ್ಕು, ಎಂತಕೆ ಹೇಳಿರೆ ನಮ್ಮ ಹೆಸರಿಲ್ಲಿ ಗಾಡಿ ತೆಗವದು ಈಗ ಸುಮಾರು ಮನೆಲಿ ಇದ್ದು, ಕೀಲಿಕೈ ಮಾಂತ್ರ ನಮ್ಮ ಹತ್ತರೆ ಇರ್ತಿಲ್ಲೆ. ಖಾಲಿ ಫಾರಮಿಂಗೆ ಸೈನು ಹಾಕಿ ಕೊಟ್ರೆ ಗಾಡಿ ಜಾಲಿಂದ ಹೋಕು, ಹೆಸರು ಹೋಗ. 2018ರ ಫೆಬ್ರವರಿಲಿ ಸುಪ್ರೀಂ ಕೋರ್ಟಿನ ತೀರ್ಪು ಒಂದು ಇದ್ದು. ಒಂದು ಕಾರು ಒಬ್ಬನ ಕೈಂದ ಇನ್ನೊಬ್ಬಂಗೆ, ಅವನಿಂದ ಮತ್ತೊಬ್ಬಂಗೆ ಮಾರಿ ಹೋಗಿತ್ತು. ಆರ್‌ಸಿಲಿ ಹೆಸರು ಸುರುವಾಣವಂದೇ ಒಳುದಿತ್ತು. ಏಕ್ಸಿಡೆಂಟು ಆದಪ್ಪಗ ಪರಿಹಾರದ ಜವಾಬ್ದಾರಿ ಆರ ಹೆಸರು ಇದ್ದೋ ಅವಂಗೇ ಹೇಳಿತ್ತು ಕೋರ್ಟು. ಚಾಸಿ ವೆಲ್ಡು ಮಾಡಿದ ಗಾಡಿ ಏವದೋ ಘಾಟಿಲಿ ಏವದೋ ಕುಟುಂಬಕ್ಕೆ ಬಡುದರೆ ಸಮನ್ಸು ಬಪ್ಪದು ಎನ್ನ ಜಾಲಿಂಗೆ. ಬ್ರೋಕರಿಂಗೂ ಅಲ್ಲ, ಮಗಂಗೂ ಅಲ್ಲ. "ಹೆಮ್ಮಕ್ಕೊಗೆ ಗಾಡಿಯ ವಿಷಯ ಎಂತ ಗೊಂತು?" ಹೇಳಿ ಎನ್ನ ಭಾವ° ಚಾವಡಿಲಿ ಕೂದು ನೆಗೆ ಮಾಡಿದವು. ಗೊಂತಿಲ್ಲದ್ದವರ ಸೈನು ಎಂತಕೆ ಕೇಳುದು ಹೇಳಿ ಆನು ಕೇಳಿದೆ. ನೆಗೆ ನಿಂದತ್ತು.

ಮತ್ತೆ ಎಂತ ಆತು ಹೇಳ್ತೆ. ಜೀಪು ನಾಲ್ಕು ತಿಂಗಳು ಜಾಲಿಲ್ಲಿ ಮಳೆ ನೋಡಿಂಡು ನಿಂದತ್ತು. ಡೇರೆ, ವಿಂಚು ಬೇರೆಯೇ ಹೋತು. ಹಳೆ ಚಕ್ರ ಹಾಕಿದವು, ಬಂಪರು ತೆಗದವು. ಆನು ನೋಟು ಪುಸ್ತಕದ ಒಂದು ಹಾಳೆಲಿ ಎಲ್ಲವನ್ನೂ ಬರದು ಮಡುಗಿದೆ: ಬಿರುಕು, ನೀರು, ಎಣ್ಣೆ ಬದಲ್ಸಿದ ತಾರೀಕು, ಮೀಟರಿನ ಲೆಕ್ಕ. ಆಗಸ್ಟಿಲ್ಲಿ ಮಡಿಕೇರಿ ಹೊಡೆಂದ ತೋಟದವು ಒಬ್ಬರು ಬಂದು ಅದರ ಓದಿದವು, ಅಡಿಯಂಗೆ ಹೊಕ್ಕು ಬೆಳ್ಚಿ ಹಾಕಿ ನೋಡಿದವು, ಎಂಟೂವರೆಯ ಜಾಗೆಲಿ ಏಳು ಲಕ್ಷ ಕೊಟ್ಟವು. ಹೆಸರು ಬದಲಾದ ಮೇಲೆ ಕಡೇಣ ಕಂತು ತೆಕ್ಕೊಂಡೆಯ°. ಮಗಂಗೆ ಈಗಳೂ ಪಿಸುರಿದ್ದು, ಆದರೆ ಮಾತಾಡ್ತ°.

ಹಾಂಗಾಗಿ, ಮಾರುವ ಮನೆಯವಕ್ಕೆ ಆನು ಹೇಳುದು ಇಷ್ಟೇ. ಹೆಚ್ಚು ಕೂಡ್ಸಿದ್ದದರ ಬಿಚ್ಚಿ, ಬಿಚ್ಚಲೆ ಎಡಿಯದ್ದರ ಬರದು ಕೊಡಿ. ತೆಕ್ಕೊಂಬವು ಅವರದ್ದೇ ಮೆಕ್ಯಾನಿಕ್ಕಿನ ಕರಕ್ಕೊಂಡು ಬರಳಿ. ರಾಜ್ಯದೊಳಾಣದ್ದಾದರೆ 14 ದಿನದೊಳ ಮಾರಿದ್ದರ ಆರ್‌ಟಿಒಂಗೆ ತಿಳಿಸೆಕ್ಕು. ಕಾಸರಗೋಡಿಂಗೆ ಕೊಡುದಾದರೆ ಎನ್‌ಒಸಿ ಬೇಕು. ಇನ್ಸೂರೆನ್ಸಿನ ಹೆಸರುದೆ ಬದಲಾಯೆಕ್ಕು. ಹೆಸರು, ತಾರೀಕು ತುಂಬುಸದ್ದ ಫಾರಮಿಂಗೆ ಮಗ° ಕೇಳಿದರೂ ಸೈನು ಹಾಕೆಡಿ.

ಮೊನ್ನೆ ಸುಳ್ಯಲ್ಲಿ ಒಂದು ಉಪ್ನಯನಲ್ಲಿ ಆ ಅಬ್ಬೆ ಸಿಕ್ಕಿತ್ತು. ಮಾಣಿ ಬೇರೆ ಗಾಡಿ ತೆಕ್ಕೊಂಡಿದನಡ, ಸಾದಾದ್ದು. ಕೈಲಿ ಬಳೆ ಇತ್ತು. ಆನು ಆ ವಿಷಯ ತೆಗದ್ದಿಲ್ಲೆ, ಊಟ ಆತೋ ಕೇಳಿದೆ.