ಇನ್ನೂರು ಸರ್ವರ್, ಎರಡು ದಿನ, ಮತ್ತು ಯಾರೂ ಬರೆದಿಡದ ಪಟ್ಟಿ

ಕಳೆದ ವಾರ ಇಂದಿರಾನಗರದಲ್ಲಿ ನೇರಳೆ ಮಾರ್ಗದ ಮೆಟ್ರೊ ಹತ್ತಿದಾಗ ಪಕ್ಕದಲ್ಲಿ ನಿಂತಿದ್ದ ಇಬ್ಬರು ಹುಡುಗರ ಮಾತು ಕಿವಿಗೆ ಬಿತ್ತು. ‘ಇನ್ನೂರು ಸರ್ವರ್‌ಗೆ ಓಎಸ್ ಹಾಕ್ಬೇಕು ಮಗಾ. ಆಟೊಮೇಟ್ ಮಾಡಿ, ಎರಡು ದಿನ ಸಾಕು ಅಂತಾನೆ ಮ್ಯಾನೇಜರ್. ಒಂದು ಇದ್ದಂಗೆ ಇನ್ನೊಂದಿಲ್ಲ!’ ಕೆ.ಆರ್. ಪುರ ಬಂತು, ಇಳಿದು ಹೋದರು. ನನಗೆ ಮಾತ್ರ ನನ್ನ ಮೊದಲ ಕೆಲಸ ನೆನಪಾಯ್ತು.

ಎಂಜಿನಿಯರಿಂಗ್ ಮುಗಿಸಿ ಹಳೇ ಮದ್ರಾಸ್ ರಸ್ತೆಯ ಕಂಪನಿಯೊಂದರ ಲ್ಯಾಬ್ ಸೇರಿದ್ದೆ. ಡಿವಿಡಿ ಹಾಕೋದು, ಭಾಷೆ ಯಾವುದು, ಟೈಮ್ ಜೋನ್ ಯಾವುದು, ಯಾವ ಡಿಸ್ಕ್‌ಗೆ ಹಾಕಲಿ ಎಂಬ ಪ್ರಶ್ನೆಗಳಿಗೆ ಉತ್ತರಿಸೋದು, ಮುಂದಿನ ಯಂತ್ರಕ್ಕೆ ಹೋಗೋದು. ಇದಕ್ಕೆ ಪರಿಹಾರ ಆಗಲೂ ಇತ್ತು. ಸರ್ವರ್ ಆನ್ ಆದ ಕೂಡಲೇ ನೆಟ್‌ವರ್ಕ್‌ನಲ್ಲಿ ಕೂಗಿ ‘ನಾನು ಯಾರು, ನನಗೇನು ಹಾಕ್ತೀರಿ’ ಎಂದು ಕೇಳುವ ಪಿಎಕ್ಸ್‌ಇ ಎಂಬ ವ್ಯವಸ್ಥೆ 1990ರ ದಶಕದ ಕೊನೆಯಿಂದಲೇ ಇದೆ. ರೆಡ್ ಹ್ಯಾಟ್‌ನಲ್ಲಾದರೆ ಕಿಕ್‌ಸ್ಟಾರ್ಟ್, ಡೆಬಿಯನ್‌ನಲ್ಲಾದರೆ ಪ್ರಿಸೀಡ್ ಎಂಬ ಫೈಲ್‌ನಲ್ಲಿ ಎಲ್ಲ ಪ್ರಶ್ನೆಗೂ ಉತ್ತರ ಮೊದಲೇ ಬರೆದಿಟ್ಟರೆ ಆಯ್ತು, ಮನುಷ್ಯ ಬೇಕಿಲ್ಲ.

ನಾವೂ ಬರೆದೆವು. ಮೂವತ್ತಕ್ಕೂ ಹೆಚ್ಚು ಯಂತ್ರ ಸಲೀಸಾಗಿ ಎದ್ದವು. ಒಂದರಲ್ಲಿ ಮಾತ್ರ ಯಾರೋ ಹೆಚ್ಚುವರಿ ಸ್ಟೋರೇಜ್ ಕಾರ್ಡ್ ಹಾಕಿದ್ದರು. ಹಾಗಾಗಿ ಉಳಿದ ಕಡೆ ಖಾಲಿ ಡಿಸ್ಕ್‌ಗೆ ಸಿಗುತ್ತಿದ್ದ ‘ಎಸ್‌ಡಿಎ’ ಎಂಬ ಹೆಸರು ಅಲ್ಲಿ ಡೇಟಾ ತುಂಬಿದ ಡಿಸ್ಕ್‌ಗೆ ಸಿಕ್ಕಿತ್ತು. ನಮ್ಮ ಫೈಲ್ ವಿಧೇಯತೆಯಿಂದ ಅದನ್ನೇ ಅಳಿಸಿತು. ಇನ್ನೊಂದು ತಂಡದ ಮೂರು ತಿಂಗಳ ಟೆಸ್ಟ್ ಫಲಿತಾಂಶ ಹೋಯ್ತು. ಕಾರ್ಡ್ ಹಾಕಿದ್ದು ಗುತ್ತಿಗೆ ನೌಕರ. ಎರಡು ತಿಂಗಳ ಹಿಂದೆ ಅವನನ್ನು ಮನೆಗೆ ಕಳಿಸಿದ್ದರು, ಕಾರ್ಡಿನ ವಿಷಯ ಅವನ ತಲೆಯಲ್ಲೇ ಉಳಿದಿತ್ತು.

ಹಳೇ ಕತೆ ಅನ್ನಬೇಡಿ. 2024ರ ಜೂನ್ 30ಕ್ಕೆ ಸೆಂಟ್‌ಓಎಸ್ 7ರ ಆಯುಷ್ಯ ಮುಗಿಯಿತು, ಅದರ ಮೇಲೆ ನಿಂತಿದ್ದ ಸರ್ವರ್‌ಗಳಿಗೆಲ್ಲ ಹೊಸ ಓಎಸ್ ಬೇಕಾಯಿತು. ಮೂರು ವಾರ ತುಂಬುವ ಮೊದಲೇ, ಜುಲೈ 19ರ ಬೆಳಿಗ್ಗೆ, ಕ್ರೌಡ್‌ಸ್ಟ್ರೈಕ್‌ನ ಒಂದು ತಪ್ಪು ಅಪ್‌ಡೇಟ್ ಜಗತ್ತಿನಾದ್ಯಂತ ವಿಂಡೋಸ್ ಯಂತ್ರಗಳನ್ನು ಕೆಡವಿತು. ಮೈಕ್ರೊಸಾಫ್ಟ್ ಅಂದಾಜಿನಲ್ಲಿ 85 ಲಕ್ಷ. ನಮ್ಮ ವಿಮಾನ ನಿಲ್ದಾಣದ ಟರ್ಮಿನಲ್ 1ರಲ್ಲಿ ಇಂಡಿಗೊ, ಆಕಾಸಾ, ಸ್ಪೈಸ್‌ಜೆಟ್‌ಗಳ ಚೆಕ್-ಇನ್ ವ್ಯವಸ್ಥೆಯೂ ಕೈಕೊಟ್ಟಿತು. ಕಂಪನಿ 78 ನಿಮಿಷದಲ್ಲಿ ಅಪ್‌ಡೇಟ್ ಹಿಂಪಡೆಯಿತು. ಆದರೆ ಬಿದ್ದ ಯಂತ್ರ ಪೂರ್ತಿ ಏಳುವುದೇ ಇಲ್ಲವಲ್ಲ, ಸರಿಪಡಿಸಿದ ಫೈಲ್ ಅದಕ್ಕೆ ತಲುಪೋದು ಹೇಗೆ? ಬಹಳ ಕಡೆ ಒಬ್ಬೊಬ್ಬ ಮನುಷ್ಯ ಒಂದೊಂದು ಯಂತ್ರದ ಮುಂದೆ ಕೂರಬೇಕಾಯಿತು. ನೆಟ್‌ವರ್ಕ್‌ನಿಂದಲೇ ಎಬ್ಬಿಸುವ ಸಾಧನವನ್ನು ಮೈಕ್ರೊಸಾಫ್ಟ್ ಆಮೇಲೆ ಕೊಟ್ಟಿತು. ಆದರೂ ಡಿಸ್ಕ್‌ಗೆ ಬಿಟ್‌ಲಾಕರ್ ಬೀಗ ಇದ್ದ ಕಡೆ ಪ್ರತಿ ಯಂತ್ರದ ಕೀ ಬೇರೆ. ಮತ್ತೆ ಅದೇ ಪ್ರಶ್ನೆ: ಪಟ್ಟಿ ಎಲ್ಲಿದೆ?

ಯಂತ್ರಗಳು ಬೇರೆಬೇರೆ ಆಗೋದು ಸುಮ್ಮನೆ ಅಲ್ಲ. ಈ ವರ್ಷದ ಕಡಿಮೆ ಬೆಲೆಯ ಟೆಂಡರ್ ಒಬ್ಬರಿಗೆ, ಮುಂದಿನ ವರ್ಷದ್ದು ಇನ್ನೊಬ್ಬರಿಗೆ. ಒಂದರಲ್ಲಿ ಹಳೇ ಬಯೋಸ್, ಇನ್ನೊಂದರಲ್ಲಿ ಯುಇಎಫ್‌ಐ, ರೇಡ್ ಕಾರ್ಡ್ ಒಂದೊಂದು ಥರ. ಶಿವಾಜಿನಗರದಲ್ಲೋ ಹಲಸೂರಲ್ಲೋ ಸರ್ಕಾರಿ ಕಚೇರಿಯ ಕಿಟಕಿ ಮುಂದೆ ನಿಂತು ‘ಸರ್ವರ್ ಡೌನ್’ ಎಂದು ಕೇಳಿಸಿಕೊಂಡು ವಾಪಸ್ ಬಂದವರಿಗೆ ಒಳಗೇನಾಗಿದೆ ಎಂದು ಯಾರೂ ಹೇಳುವುದಿಲ್ಲ. ಕಾರಣ ನೆಟ್‌ವರ್ಕ್ ಇರಬಹುದು, ಸಾಫ್ಟ್‌ವೇರ್ ಇರಬಹುದು. ಆದರೆ ಯಂತ್ರವೇ ಸತ್ತರೆ ಮತ್ತೆ ಎಬ್ಬಿಸಲು ಎಷ್ಟು ಗಂಟೆ, ಅದು ಯಾರಿಗೆ ಗೊತ್ತು ಎಂದು ಟೆಂಡರ್‌ನಲ್ಲೇ ಕೇಳಬಹುದಲ್ಲ.

ಕೀಬೋರ್ಡ್ ಕುಟ್ಟುವ ಕೆಲಸ ಹೋದರೆ ನನಗೆ ಬೇಸರವಿಲ್ಲ, ಹೋಗಲೇಬೇಕಾದ್ದು ಅದು. ನನ್ನ ತಕರಾರು ಲೆಕ್ಕದ ಬಗ್ಗೆ. ‘ಸ್ಕ್ರಿಪ್ಟ್ ಬಂತು, ಹತ್ತು ಜನರ ಬದಲು ಇಬ್ಬರು ಸಾಕು’ ಎನ್ನುವಾಗ, ಯಾವ ರ‍್ಯಾಕ್‌ನಲ್ಲಿ ಏನಿದೆ ಎಂದು ಬಲ್ಲ ಎಂಟು ಮಂದಿಯೂ ಹೊರಗೆ ಹೋಗುತ್ತಾರೆ. ಅವರಿಂದ ಅದನ್ನು ಬರೆಸಿಕೊಳ್ಳಲು ಒಂದು ವಾರ ಕೂಡ ಯಾರೂ ಕೊಡುವುದಿಲ್ಲ. ಈಗಿನ ಸರ್ವರ್‌ಗಳು ತಮ್ಮ ಸೀರಿಯಲ್ ನಂಬರು, ಮೆಮೊರಿ, ಡಿಸ್ಕ್ ವಿವರವನ್ನು ರೆಡ್‌ಫಿಶ್‌ನಂಥ ವ್ಯವಸ್ಥೆಯಲ್ಲಿ ತಾವೇ ಹೇಳುತ್ತವೆ, ನಿಜ. ಆದರೆ ಯಾವ ಡಿಸ್ಕ್ ಮುಟ್ಟಬಾರದು ಎಂಬುದನ್ನು ಮನುಷ್ಯನೇ ಹೇಳಬೇಕು.

ಮೆಟ್ರೊದ ಹುಡುಗರಿಗೆ ಅಲ್ಲೇ ಹೇಳಬೇಕಿತ್ತು: ಡಿಸ್ಕನ್ನು ಹೆಸರಿನಿಂದ ಹಿಡಿಯಬೇಡಿ, ಸೀರಿಯಲ್ ನಂಬರ್‌ನಿಂದ ಹಿಡಿಯಿರಿ. ಪ್ರತಿ ಬಗೆಯ ಒಂದೊಂದು ಯಂತ್ರಕ್ಕೆ ಮೊದಲು ಹಾಕಿ ನೋಡಿ. ಎರಡು ದಿನದಲ್ಲಿ ಒಂದೂವರೆ ದಿನ ಪಟ್ಟಿ ಮಾಡೋಕೇ ಹೋಗುತ್ತೆ. ಅದನ್ನು ಮ್ಯಾನೇಜರ್ ಕೆಲಸ ಅಂತ ಟೈಮ್‌ಶೀಟ್‌ಗೆ ಹಾಕಿಸಿಕೊಳ್ಳುತ್ತಾನಾ, ಅದು ಬೇರೆ ಮಾತು.