ಗೋಕಾಕ ಒಡೆದರೆ ಡೇಟಾಬೇಸೂ ಒಡೀಬೇಕಾ?

ಮೊದಲೇ ಹೇಳಿಬಿಡ್ತೀನಿ, ಈ ಬರಹದಲ್ಲಿ ಬೈಗುಳ ಜಾಸ್ತಿ ಇದೆ. ಅದರಲ್ಲಿ ಅರ್ಧ ನನಗೇ :)

"ಸೇವ್ ಮಾಡೋವಾಗ ಡೂಪ್ಲಿಕೇಟ್ ಕೀ ಎರರ್ ಬರ್ತಿದೆ, ಏನು ಮಾಡ್ಲಿ?" ಅಂತ ಹೊಸ ಹುಡುಗರು ಕೇಳಿದಾಗ ಸೀನಿಯರ್‌ಗಳು ಕೊಡೋ ಉತ್ತರ ಕೇಳಿದ್ರೆ ಮೈ ಉರಿಯುತ್ತೆ. ಒಬ್ಬ ಪ್ರೈಮರಿ ಕೀ ತೆಗೆದುಬಿಡು ಅಂತಾನೆ. ಇನ್ನೊಬ್ಬ ಎಕ್ಸೆಪ್ಶನ್ ಹಿಡಿದು ಸುಮ್ನಾಗು ಅಂತಾನೆ. ಮೂರನೆಯವ, ಇರೋದ್ರಲ್ಲಿ ದೊಡ್ಡ ನಂಬರ್ ಹುಡುಕಿ ಒಂದು ಕೂಡಿಸು ಅಂತಾನೆ. ಎರಡು ಕೌಂಟರಿನಲ್ಲಿ ಒಂದೇ ಗಳಿಗೆಗೆ ಬಟನ್ ಒತ್ತಿದರೆ ಇಬ್ಬರಿಗೂ ಅದೇ ನಂಬರ್ ಸಿಗುತ್ತೆ ಅನ್ನೋದು ಈ ಮಹಾಶಯನಿಗೆ ಹೊಳೆಯೋದೇ ಇಲ್ಲ. ಅಯ್ಯಾ, ಎರರ್ ಕೊಟ್ಟ ಡೇಟಾಬೇಸ್ ನಿನ್ನ ಮರ್ಯಾದೆ ಉಳಿಸ್ತಿದೆ. ಕೆಟ್ಟಿರೋದು ನಿನ್ನ ಕೀ!

ನನ್ನ ಕಥೆ ಕೇಳಿ. ಗೋಕಾಕ ಕಡೆಯ ಒಂದು ಸಹಕಾರಿ ಸಂಘಕ್ಕೆ ಬೆಳೆಸಾಲದ ಸಾಫ್ಟ್‌ವೇರ್ ಬರೆದಿದ್ದೆ, ಜಾವಾ ಮತ್ತು ಹೈಬರ್ನೇಟ್‌ನಲ್ಲಿ. ತಾಲೂಕು, ಹಳ್ಳಿಗೆ ನಾನೇ ಕೊಟ್ಟ ಕ್ರಮಸಂಖ್ಯೆ, ಸರ್ವೆ ನಂಬರ್ ಮೂರನ್ನೂ ಅಂಟಿಸಿ ಜಮೀನಿನ ಪ್ರೈಮರಿ ಕೀ ಮಾಡಿದ್ದೆ. ಉತಾರದಲ್ಲೇ ಇರೋ ನಂಬರ್, ಇದಕ್ಕಿಂತ ಗಟ್ಟಿ ಏನಿದೆ ಅಂತ ಜಂಭ ಬೇರೆ.

2018ರಲ್ಲಿ ಮೂಡಲಗಿ ಬೇರೆ ತಾಲೂಕಾಯ್ತು. ಕಲ್ಲೋಳಿ, ಯಾದವಾಡ ಎಲ್ಲ ಆ ಕಡೆ ಹೋದವು. ಹೊಲ ಇದ್ದಲ್ಲೇ ಇತ್ತು, ಕೀ ಮಾತ್ರ ಸುಳ್ಳಾಯ್ತು. ಸಂಘದ ಕ್ಲರ್ಕ್ ಫೋನ್ ಮಾಡಿ, "ಸರ, ಗೋಕಾಕ ತಗದು ಮೂಡಲಗಿ ಹಾಕ್ರಿ, ಅಷ್ಟ ಐತಿ" ಅಂದ್ರು. ಆಬ್ಜೆಕ್ಟಿನ ಕೀ ಬದಲಿಸಿ ಸೇವ್ ಒತ್ತಿದೆ. ಐಡೆಂಟಿಫೈಯರ್ ಬದಲಾಗಿದೆ ಅಂತ ಹೈಬರ್ನೇಟ್ ಒದರಿ ನಿಂತುಬಿಡ್ತು. ಅದು ಹೇಳಿದ್ದು ಸರಿಯಾಗೇ ಇತ್ತು. ನಾನು ಕೇಳಬೇಕಲ್ಲ! ಹೊಸ ಆಬ್ಜೆಕ್ಟ್ ಮಾಡಿ, ಹೊಸ ಕೀ ಕೊಟ್ಟು ಮರ್ಜ್ ಮಾಡಿದೆ. ಮೂಡಲಗಿಯ ಹಳ್ಳಿಗಳಿಗೆ ಮತ್ತೆ ಒಂದರಿಂದ ನಂಬರ್ ಹಾಕೋವಾಗ ಎರಡು ಊರಿಗೆ ಕಣ್ತಪ್ಪಿ ಒಂದೇ ಸಂಖ್ಯೆ ಬಿದ್ದಿತ್ತು.

ಮರ್ಜ್ ಏನು ಮಾಡುತ್ತೆ ಗೊತ್ತಲ್ಲ? ಆ ಕೀ ಇರೋ ಸಾಲು ಮೊದಲೇ ಇದ್ದರೆ ಅದರ ಮೇಲೇ ಬರೆಯುತ್ತೆ, ಇಲ್ಲದಿದ್ದರೆ ಹೊಸದು ಸೇರಿಸುತ್ತೆ. ಎರರ್ ಇಲ್ಲ, ಎಚ್ಚರಿಕೆ ಇಲ್ಲ. ಹೊಸ ಸಾಲಕ್ಕೆ ಬಂದ ಹಿರಿಯರೊಬ್ಬರು ಸ್ಕ್ರೀನ್ ನೋಡಿ, "ನಮ್ಮ ಹೊಲದಾಗ ಯಾರದೋ ಹೆಸರು ಕುಂತೈತಲ್ಲೋ ತಮ್ಮಾ" ಅಂದರಂತೆ. ಅವರ ಹಳೇ ಸಾಲ ಇನ್ನೂ ಹಳೇ ಕೀಗೇ ನೇತಾಡ್ತಿತ್ತು. ಸಂಘದ ಲೆಡ್ಜರ್ ಮುಂದಿಟ್ಟುಕೊಂಡು ಮೂರು ರಾತ್ರಿ ಸರಿಮಾಡಿದೆ.

ತಾಲೂಕು ಬಿಡಿ, ಸರ್ವೆ ನಂಬರ್ ಆದ್ರೂ ನಿಲ್ಲುತ್ತಾ? ಅಣ್ಣತಮ್ಮಂದಿರು ಪಾಲಾದರೆ ಹಿಸ್ಸಾ ಬದಲಾಗುತ್ತೆ. ಭೂಮಿಯಲ್ಲಿ ಒಂದು ಪಹಣಿ ಹುಡುಕೋಕೇ ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಸರ್‌ನಾಕ್, ಹಿಸ್ಸಾ ಎಲ್ಲ ಬೇಕು. ಇದನ್ನ ಕೇಳಿ ಗೆಳೆಯನೊಬ್ಬ, ಹಾಗಾದ್ರೆ ಪಂಪ್‌ಸೆಟ್ಟಿನ ಆರ್‌.ಆರ್. ನಂಬರ್ ಕೀ ಮಾಡು ಅಂದ. ಗೋಕಾಕದಲ್ಲಿ ಕರೆಂಟ್ ಹೆಸ್ಕಾಂದು. ಪಕ್ಕದ ಹುಕ್ಕೇರಿಯಲ್ಲಿ 1969ರ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದ್ದು. ಇಬ್ಬರೂ ಒಂದೇ ನಂಬರ್ ಕೊಡಲ್ಲ ಅಂತ ಯಾರು ಬರೆದುಕೊಟ್ಟಿದ್ದಾರೆ?

ಪ್ರೈಮರಿ ಕೀಗೆ ಅರ್ಥವೇ ಇರಬಾರದು. ಡೇಟಾಬೇಸೇ ಹುಟ್ಟಿಸಲಿ; ಹೊಸ ಆಬ್ಜೆಕ್ಟ್ ಸೇವ್ ಮಾಡೋವಾಗ ಐಡಿ ಖಾಲಿ ಬಿಡಿ. ಊರು-ಸರ್ವೆ-ಹಿಸ್ಸಾ ಜೋಡಿಗೆ ಯುನಿಕ್ ಕನ್‌ಸ್ಟ್ರೇಂಟ್ ಬೇರೆ ಹಾಕಿ, ಅದನ್ನ ಮರೆತರೆ ಒಂದೇ ಹೊಲ ನಾಲ್ಕು ಸಲ ಕೂತಿರುತ್ತೆ. ಹಳೇ ಡೇಟಾ ಐಡಿ ಸಮೇತ ಪೋಸ್ಟ್‌ಗ್ರೆಸ್‌ಗೆ ತುಂಬಿದ್ದರೆ ಸೀಕ್ವೆನ್ಸನ್ನೂ ಮುಂದೆ ತಳ್ಳಿ, ಇಲ್ಲಾಂದ್ರೆ ಮೊದಲ ಸೇವ್‌ಗೇ ಡೂಪ್ಲಿಕೇಟ್ ಕೀ ಅನ್ನುತ್ತೆ.

ಜಾಯಿನ್ ಜಾಸ್ತಿ ಆಗುತ್ತೆ, ಸ್ಲೋ ಆಗುತ್ತೆ ಅಂತೀರಾ? ನನ್ನ ಮೂರು ರಾತ್ರಿಗಿಂತ ಸ್ಲೋನಾ?

ಈಗ ನನ್ನಲ್ಲಿ ತಾಲೂಕು ಅನ್ನೋದು ಹಳ್ಳಿ ಟೇಬಲ್ಲಿನ ಒಂದು ಕಾಲಂ ಅಷ್ಟೇ. ಗೋಕಾಕ ಜಿಲ್ಲೆ ಆಗಬೇಕು ಅನ್ನೋ ಬೇಡಿಕೆ ಎಷ್ಟೋ ವರ್ಷದಿಂದ ಇದೆ. ಆದರೆ ಆಗಲಿ, ನಾನಂತೂ ಆವತ್ತು ಕರದಂಟು ತಿಂದು ಆರಾಮಾಗಿ ಮಲಗ್ತೀನಿ :)