ಕುದಿಸಿದರೂ ಕಳೆಯದ ನಂಜು

ಮಲ್ಪೆಯ ಬಂಗುಡೆ ಮೇಗರವಳ್ಳಿಯ ಅಡಿಗೆಮನೆಯನ್ನು ಸೇರಬೇಕಾದರೆ ಆಗುಂಬೆಯ ಘಟ್ಟವನ್ನೇರಬೇಕು. ಆ ದಾರಿಯುದ್ದಕ್ಕೂ ಅದನ್ನು ಕಾಯುವುದು ಮಂಜುಗಡ್ಡೆಯೊಂದೇ.

ಮೀನು ತುಸು ಹಳತಾದರೇನಂತೆ, ಹುಳಿಖಾರ ಹೆಚ್ಚಿಸಿ ಚೆನ್ನಾಗಿ ಕುದಿಸಿದರಾಯಿತು ಎಂದು ನಂಬಿದ ಗೃಹಿಣಿಯರುಂಟು. ಆ ನಂಬಿಕೆ ಅಪಾಯಕರವಾದುದು. ಬಂಗುಡೆ, ಬೂತಾಯಿಗಳು ತಂಪಿಲ್ಲದೆ ಬಿದ್ದಿದ್ದರೆ ಸೂಕ್ಷ್ಮಜೀವಿಗಳು ಅವುಗಳ ಮಾಂಸದಲ್ಲಿ ಹಿಸ್ಟಮಿನ್ ಎಂಬ ವಸ್ತುವನ್ನು ಉಂಟುಮಾಡುತ್ತವೆ. ಕುದಿಸಿದರೆ ಜೀವಿಗಳು ಸಾಯುತ್ತವೆ. ಹಿಸ್ಟಮಿನ್ ಮಾತ್ರ ಉಳಿದೇ ಇರುತ್ತದೆ. ಉಂಡ ಸ್ವಲ್ಪ ಹೊತ್ತಿನಲ್ಲಿಯೇ ಮುಖ ಕೆಂಪೇರಿ, ತಲೆನೋವು, ತುರಿಕೆ ಕಾಣಿಸಿಕೊಳ್ಳಬಹುದು. ಉಸಿರಾಟಕ್ಕೆ ತೊಡಕಾದರೆ ಒಡನೆಯೇ ವೈದ್ಯರನ್ನು ಕಾಣತಕ್ಕದ್ದು.

ಒಳ್ಳೆಯ ಮೀನಿನ ಕಣ್ಣು ಉಬ್ಬಿ ತಿಳಿಯಾಗಿರುತ್ತದೆ, ಕಿವಿರು ಕೆಂಪಾಗಿರುತ್ತದೆ, ಬೆರಳೊತ್ತಿದ ಕುಳಿ ಕೂಡಲೇ ತುಂಬಿಕೊಳ್ಳುತ್ತದೆ. ಗುಳಿಬಿದ್ದ ಕಣ್ಣು, ಕಂದಿದ ಕಿವಿರು, ಮೂಗಿಗೆ ಹೊಡೆಯುವ ನಾತ ಇವು ಕೆಟ್ಟ ಮೀನಿನ ಗುರುತುಗಳು. ಆದರೆ ಹಿಸ್ಟಮಿನ್ ಕಣ್ಣಿಗಾಗಲಿ ಮೂಗಿಗಾಗಲಿ ಗೊತ್ತಾಗದು. ಆದುದರಿಂದ ಮಂಜುಗಡ್ಡೆಯಲ್ಲಿ ಹುದುಗಿಸಿಟ್ಟ ಮೀನನ್ನೇ ಕೊಳ್ಳುವುದು ಲೇಸು.

ಮನೆಗೆ ತಂದೊಡನೆ ಕರುಳು, ಕಿವಿರುಗಳನ್ನು ತೆಗೆದು, ತಣ್ಣೀರಿನಲ್ಲಿ ತೊಳೆದು, ನೀರು ಬಸಿದು, ಮುಚ್ಚಿದ ಪಾತ್ರೆಯಲ್ಲಿ ಫ್ರಿಜ್ಜಿನೊಳಗಿಡಬೇಕು. ಅಲ್ಲಿನ ಉಷ್ಣತೆ 4 ಡಿಗ್ರಿ ಸೆಲ್ಸಿಯಸ್ ಮೀರಬಾರದು. ಒಂದೆರಡು ದಿನಗಳಲ್ಲಿ ಅಡಿಗೆಯಾಗಬೇಕು. ಮಳೆಗಾಲದಲ್ಲಿ ವಿದ್ಯುತ್ತು ನಿಂತರೆ, ಬಾಗಿಲು ತೆರೆಯದಿದ್ದಲ್ಲಿ ಸುಮಾರು 4 ಗಂಟೆ ತಂಪು ನಿಂತೀತು. ಅದಕ್ಕೂ ಹೆಚ್ಚು ಹೊತ್ತಾದರೆ, ಮಂಜುಗಡ್ಡೆಯ ಆಸರೆಯಿಲ್ಲದ ಮೀನನ್ನು ಎಸೆಯುವುದೇ ವಿವೇಕ. ಎಸೆದರೆ ಹೋಗುವುದು ಹಣ. ಉಂಡರೆ ಕೆಡುವುದು ಮನೆಮಂದಿಯ ಆರೋಗ್ಯ.